ಬಟಾಣಿಯ ಕೆಂಪು ಬೀಗ

ನನಗೆ ಶಾಕ್ ಹೊಡೆಯುವುದು ಹೊಸದೇನಲ್ಲ. ಇಪ್ಪತ್ತೆರಡು ವರ್ಷದಿಂದ ಸಾಬೂನಿನ ಕಾರ್ಖಾನೆಯಲ್ಲಿ ರಿಪೇರಿ ವಿಭಾಗದ ಕೆಲಸ. ನಾನೂರು ವೋಲ್ಟು ಒಮ್ಮೆ ನನ್ನ ಎಡಗೈಯಿಂದ ಒಳಗೆ ಬಂದು ಬಲಗಾಲಿನ ಚಪ್ಪಲಿಯಿಂದ ಆಚೆ ಹೋಗಿದೆ. (ಆ ಚಪ್ಪಲಿ ಇನ್ನೂ ಇಟ್ಟುಕೊಂಡಿದ್ದೇನೆ. ಹೆಂಡತಿ ಮೂರು ಸಲ ಎಸೆದಿದ್ದಾಳೆ, ನಾನು ಮೂರು ಸಲ ಹೆಕ್ಕಿ ತಂದಿದ್ದೇನೆ.) ಆದರೆ ನಾಲ್ಕೂವರೆ ವರ್ಷದ ಮಗಳ ಶಾಲೆಯಿಂದ ಬಂದ ಒಂದು ಹಾಳೆ ಕೊಟ್ಟಂಥ ಶಾಕನ್ನು ಯಾವ ತಂತಿಯೂ ಕೊಟ್ಟಿರಲಿಲ್ಲ, ಸ್ವಾಮಿ.

ಹಾಳೆಯ ತಲೆಯ ಮೇಲೆ 'ಮಗು ತಾನಾಗಿಯೇ ಮಾಡುತ್ತದೆಯೇ?' ಎಂದಿತ್ತು. ಕೆಳಗೆ ಹದಿನಾಲ್ಕು ಸಾಲು. ಹಲ್ಲುಜ್ಜುವುದು: ಇಲ್ಲ. ಕೈ ತೊಳೆಯುವುದು: ಇಲ್ಲ. ಗುಂಡಿ ಹಾಕಿಕೊಳ್ಳುವುದು: ಇಲ್ಲ. ಹೀಗೆ ಹದಿಮೂರು 'ಇಲ್ಲ'ಗಳು ಶಿಸ್ತಾಗಿ ಸಾಲುಗಟ್ಟಿ ನಿಂತಿದ್ದವು. ಹದಿನಾಲ್ಕನೆಯ ಪ್ರಶ್ನೆ, 'ಸಹಾಯ ಬೇಕಾದಾಗ ಕೇಳುತ್ತದೆಯೇ?' ಎಂದು. ಅದರ ಮುಂದೆ ಟೀಚರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: 'ಕೇಳುವುದಿಲ್ಲ. ಕಾಲು ಚಾಚುತ್ತದೆ.'

ನಾನು ಹೌಹಾರಿದೆ. ಅರ್ಧ ದಿನ ರಜೆ ಹಾಕಿ ಶಾಲೆಗೆ ಓಡಿದೆ.

ಟೀಚರು ಮೆತ್ತಗೆ ಮಾತಾಡುವ ಹೆಂಗಸು. ಅಂಥವರು ಬಾಯಿಬಿಟ್ಟರೆ ಇನ್ನೂ ಭಯ. "ಸಾರ್, ನಿಮ್ಮ ಮಗಳು ಜಾಣೆ. ಹಾಡು ಹೇಳ್ತಾಳೆ, ನೂರರ ತನಕ ಎಣಿಸ್ತಾಳೆ, ಜಗಳ ಆಡಿದ್ರೆ ಗೆದ್ದೇ ಗೆಲ್ತಾಳೆ. ಆದ್ರೆ ಕೈ ತೊಳ್ಕೋ ಅಂದ್ರೆ ಎರಡೂ ಕೈ ಮುಂದೆ ಚಾಚಿ ನಿಂತ್ಕೋತಾಳೆ. ಯಾರಾದ್ರೂ ಬಂದು ತೊಳೀತಾರೆ ಅಂತ ಕಾಯ್ತಾಳೆ. ಮೊನ್ನೆ ಇಪ್ಪತ್ತು ನಿಮಿಷ ಕಾದ್ಳು."

"ಮತ್ತೆ ಯಾರೂ ತೊಳೀಲಿಲ್ವಾ?" ಎಂದೆ.

ಟೀಚರು ನನ್ನನ್ನೇ ಒಂದು ಕ್ಷಣ ನೋಡಿ ಏನೋ ಬರೆದುಕೊಂಡರು. "ಮೇಲಿನ ತರಗತೀಲಿ ಮೂವತ್ತು ಮಕ್ಕಳಿಗೆ ನಾನೊಬ್ಬಳೇ ಸಾರ್, ಆಯಾ ಇರಲ್ಲ. ಸರಿಯಾಗಿ ಮೂವತ್ತು ದಿನ ಬಿಟ್ಟು ಬೆಳಗ್ಗೆ ಏಳು ಗಂಟೆಗೆ ನಿಮ್ಮನೆಗೆ ಬರ್ತೀನಿ. ಬೆಳಗಿನ ಕೆಲಸ ಎಲ್ಲ ಅವಳೇ ಮಾಡ್ಕೊಂಡು ಬೂಟು ಹಾಕ್ಕೊಂಡು ಬಾಗಿಲು ದಾಟಿದ್ರೆ ಮೇಲಿನ ತರಗತಿ. ಇಲ್ಲಾಂದ್ರೆ ಇನ್ನೊಂದು ವರ್ಷ ಚಿಕ್ಕಮಕ್ಕಳ ತರಗತೀಲೇ ಇರ್ಲಿ. ಇದು ಶಿಕ್ಷೆ ಅಲ್ಲ ಸಾರ್."

ಶಿಕ್ಷೆ ಅಲ್ಲವಂತೆ! ಮನೆಗೆ ಬಂದು ವಿಷಯ ಹೇಳಿದಾಗ ಬಟಾಣಿಯ ಕೆಳತುಟಿ ಮುಂದೆ ಬಂತು. (ಬಟಾಣಿ ಎಂದರೆ ನಮ್ಮ ಮಗಳು. ಹುಟ್ಟಿದಾಗ ದುಂಡಗೆ, ಹಸಿರು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಹೆಸರು ಅಲ್ಲೇ ಅಂಟಿಕೊಂಡಿತು.) "ಎದುರು ಮನೆ ಎರಡು ಜಡೆಯವಳು ಮೇಲೆ ಹೋಗ್ತಾಳಾ?" ಎಂದಳು. ಅವಳಿಗೆ ಲೋಕದಲ್ಲಿರುವ ಗೆಳತಿ ಆ ಒಬ್ಬಳೇ. "ಹೋಗ್ತಾಳೆ" ಎಂದೆ. "ನಾನೊಬ್ಬಳೇ ಪಾಪುಗಳ ಜೊತೆ ಕೂತ್ಕೋಬೇಕಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಳಲು ಶುರು ಮಾಡಿದಳು. ಅಳುತ್ತಲೇ ಮೂಗನ್ನು ನನ್ನ ಕಡೆ ಎತ್ತಿ ಹಿಡಿದಳು. ನಾನು ಒರೆಸಿದೆ.

ಆ ಸಂಜೆ ಮನೆಯಲ್ಲಿ ವಿಚಾರಣೆ ನಡೆಯಿತು. ಅಪರಾಧಿ ಯಾರು?

"ಅತ್ತೆ, ನೀವು ತುತ್ತು ತುತ್ತಾಗಿ ತಿನ್ನಿಸಿ ಹಾಳು ಮಾಡಿದ್ದು" ಎಂದೆ ನಾನು.

"ಅಯ್ಯೋ ಅಳಿಯಂದ್ರೇ, ಇಷ್ಟೇ ಇಷ್ಟು ಕೈಗೆ ಅಷ್ಟು ದೊಡ್ಡ ಚಮಚ! ಮಗೂಗೆ ಕೈ ನೋಯಲ್ವೇ?" ಎಂದರು ಅತ್ತೆ.

"ನೀನು ಬಾಚಣಿಗೆ ಹಿಡ್ಕೊಂಡು ಮಗೂನ ಅಟ್ಟಿಸ್ಕೊಂಡು ಹೋಗ್ತೀಯ" ಎಂದು ಹೆಂಡತಿಯ ಕಡೆ ತಿರುಗಿದೆ.

ನನ್ನ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಹದಿಮೂರು ವರ್ಷದಿಂದ ಕೂತಿದ್ದಾಳೆ. ಎಂಥ ಗಿರಾಕಿ ಕೂಗಾಡಿದರೂ ಮುದ್ರೆ ಒತ್ತುವ ಕೈ ನಿಲ್ಲಿಸುವವಳಲ್ಲ. "ಮತ್ತೆ ನೀವು?" ಎಂದಳು, ಬಟ್ಟೆ ಮಡಿಸುತ್ತಲೇ.

"ನಾನಾ? ನಾನು ಅರವತ್ತು ಜನ ಫಿಟ್ಟರುಗಳಿಗೆ ಕೆಲಸ ಕಲಿಸಿದೋನು! ಮೂವತ್ತು ದಿನ ಕೊಡು, ಇವಳನ್ನ ಅರವತ್ತೊಂದನೆಯವಳನ್ನಾಗಿ ಮಾಡ್ತೀನಿ."

"ಮೂವತ್ತು ದಿನ ಕೊಟ್ಟಿದ್ದು ನಾನಲ್ಲ ರೀ, ಟೀಚರು."

ಮರುದಿನವೇ ಕಾರ್ಯಾರಂಭ. ಪಡಸಾಲೆಯ ಗೋಡೆಗೆ, ನನ್ನ ಸೊಂಟದ ಎತ್ತರದಲ್ಲಿ, ಒಂದು ಹಲಗೆ ಬಡಿದೆ. ಹಲಗೆಗೆ ಏಳು ಕೊಕ್ಕೆ. ಒಂದೊಂದು ಕೊಕ್ಕೆಗೂ ಒಂದೊಂದು ಚೀಟಿ, ಒಂದು ಮುಖ ಕೆಂಪು, ಇನ್ನೊಂದು ಮುಖ ಹಸಿರು. ಕೆಲಸ ಮುಗಿದರೆ ಚೀಟಿ ತಿರುಗಿಸಿ ಹಸಿರು ಮಾಡಬೇಕು. ಅವಳಿಗೆ ಓದು ಬಾರದಾದ್ದರಿಂದ ಪ್ರತಿ ಚೀಟಿಗೂ ಚಿತ್ರ ನಾನೇ ಬರೆದೆ: ಶೌಚಾಲಯ, ಹಲ್ಲು, ಮುಖ, ಬಟ್ಟೆ, ಹಾಲು-ಬ್ರೆಡ್ಡು, ಚೀಲ, ಬೂಟು. ("ಇದೇನ್ರೀ, ಹಡಗಾ?" ಎಂದಳು ಹೆಂಡತಿ ಬೂಟಿನ ಚಿತ್ರ ನೋಡಿ.) ಪಡಸಾಲೆಯ ಮೂಲೆಯಲ್ಲಿರುವ ಬೇಸಿನ್ನಿನ ಮುಂದೆ ಒಂದು ಸ್ಟೂಲು ಇಟ್ಟೆ. ಶೌಚಾಲಯಕ್ಕೂ ಬಚ್ಚಲುಮನೆಗೂ ಹೊರಗಿನ ಚಿಲಕ ಮೇಲೆಲ್ಲೋ ಇತ್ತು. ಅವಳಿಗೆ ಎಟುಕದೆ ಪ್ರತಿ ಸಲವೂ ಯಾರನ್ನಾದರೂ ಕೂಗುತ್ತಿದ್ದಳು. ಎರಡನ್ನೂ ಕಿತ್ತು ಅವಳ ಎದೆಯ ಎತ್ತರಕ್ಕೆ ಇಳಿಸಿ, ಗಟ್ಟಿಯಾದ ಸ್ಕ್ರೂ ಹಾಕಿ ಬಿಗಿದೆ. ನನ್ನ ಕೈಯ ಕೆಲಸ ಒಮ್ಮೆ ಬಿಗಿದರೆ ಅಲ್ಲಾಡುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ವಾರ ನನ್ನ ಜೀವ ಹೋಗಿ ಹೋಗಿ ಬಂತು. ಹಲ್ಲಿಗೆ ಹನ್ನೊಂದು ನಿಮಿಷ, ಅದರಲ್ಲಿ ಒಂಬತ್ತು ನಿಮಿಷ ಕನ್ನಡಿಗೆ ಪೇಸ್ಟು ಹಚ್ಚಲು. ಅಂಗಿಯ ಕತ್ತಿನ ತೂತಿನಲ್ಲಿ ಕೈ, ಕೈಯ ತೂತಿನಲ್ಲಿ ತಲೆ. ಒಂದು ಕಾಲುಚೀಲಕ್ಕೆ ಹದಿನೇಳು ನಿಮಿಷ, ನಾನು ಗಡಿಯಾರ ಹಿಡಿದು ನೋಡಿದ್ದೇನೆ! ಹದಿನೇಳು ನಿಮಿಷದಲ್ಲಿ ನಮ್ಮ ಕಾರ್ಖಾನೆಯಲ್ಲಿ ಐದು ಸಾವಿರ ಸಾಬೂನು ಕತ್ತರಿಸಿ, ಮುದ್ರೆ ಒತ್ತಿ, ಕಾಗದ ಸುತ್ತಿ ಆಚೆ ಬರುತ್ತವೆ. ಇಲ್ಲಿ ಒಂದು ಹಿಮ್ಮಡಿ ಒಳಗೆ ಹೋಗಿರಲಿಲ್ಲ.

ಇನ್ನು ಬಟ್ಟೆಯ ಸಂಗತಿ. ಬಟಾಣಿ ತನ್ನ ಬಟ್ಟೆಯ ಕಪಾಟು ತೆರೆದು ಯೋಚನೆ ಮಾಡುತ್ತ ನಿಲ್ಲುವಳು. ಎಲ್ಲಿರುತ್ತಿದ್ದರೋ ಅತ್ತೆ, ಗಾಳಿಯಂತೆ ಬಂದು ಒಂದು ಅಂಗಿ ಎಳೆದು ಅವಳ ತಲೆಯ ಮೇಲಿಂದ ಇಳಿಸಿ ಹೋಗಿಬಿಡುವರು. ಒಟ್ಟು ನಾಲ್ಕು ಸೆಕೆಂಡು. ಮಗುವಿಗೆ ತನಗೆ ಅಂಗಿ ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ. "ಅತ್ತೆ!" ಎಂದು ನಾನು ಕೂಗಿದರೆ, "ಅಯ್ಯೋ, ಕೈ ತಾನಾಗೇ ಹೋಯ್ತು ಅಳಿಯಂದ್ರೇ" ಎನ್ನುವರು.

ಆಗ ನನಗೆ ಆ ಮಹಾಯೋಜನೆ ಹೊಳೆಯಿತು.

ನಮ್ಮ ಕಾರ್ಖಾನೆಯಲ್ಲಿ ಒಂದು ಕ್ರಮವಿದೆ. ಯಂತ್ರ ರಿಪೇರಿಗೆ ಇಳಿಯುವವನು ಮೊದಲು ಅದರ ಸ್ವಿಚ್ಚಿಗೆ ತನ್ನ ಸ್ವಂತದ ಕೆಂಪು ಬೀಗ ಹಾಕುತ್ತಾನೆ, ತನ್ನ ಫೋಟೊ ಇರುವ ಕೆಂಪು ಚೀಟಿ ನೇತುಹಾಕುತ್ತಾನೆ. ಕೀಲಿ ಅವನ ಜೇಬಿನಲ್ಲಿ. ಅವನು ಕೆಲಸ ಮುಗಿಸಿ ತಾನೇ ಬಂದು ತೆಗೆಯುವವರೆಗೆ ದೇವಲೋಕದಿಂದ ಯಾರು ಇಳಿದು ಬಂದರೂ ಆ ಯಂತ್ರ ಅಲ್ಲಾಡಕೂಡದು. ಇದರ ಬಗ್ಗೆ ಹನ್ನೆರಡು ಪುಟದ ನಿಯಮಾವಳಿ ಇದೆ. ಬರೆದವನು ನಾನೇ. (ಹನ್ನೆರಡನೆಯ ಪುಟದಲ್ಲಿ ನನ್ನ ಸಹಿ ಇದೆ, ಬೇಕಾದರೆ ತೋರಿಸುತ್ತೇನೆ.)

ಪೇಟೆಯಿಂದ ಒಂದು ಪುಟ್ಟ ಬೀಗ ತಂದು ಕೆಂಪು ಬಣ್ಣ ಬಳಿದೆ. ಬಟಾಣಿ ನಾಲಗೆ ಚಾಚಿದ ಫೋಟೊ ಅಂಟಿಸಿ ಚೀಟಿ ಮಾಡಿದೆ. ಅವಳನ್ನು ಎದುರು ಕೂರಿಸಿಕೊಂಡು ಪಾಠ ಆರಂಭಿಸಿದೆ.

"ನೋಡು ಬಟಾಣಿ. ನಮ್ಮ ಕಾರ್ಖಾನೇಲಿ ಸಾಬೂನು ಕಲಸೋ ದೊಡ್ಡ ಯಂತ್ರ ಇದೆ. ಒಬ್ಬ ಅದರೊಳಗೆ ಕೈ ಹಾಕಿ ಕೆಲಸ ಮಾಡ್ತಿರ್ತಾನೆ. ಇನ್ನೊಬ್ಬ ಗೊತ್ತಿಲ್ದೆ ಸ್ವಿಚ್ ಒತ್ತಿದ್ರೆ?"

"ಕೈ ಪುಡಿ ಪುಡಿ!" ಎಂದಳು, ಬಹಳ ಸಂತೋಷದಿಂದ.

"ಹಾಂ. ಅದಕ್ಕೇ ಸ್ವಿಚ್ಚಿಗೆ ಬೀಗ. ಆ ಬೀಗ ಯಾರು ತೆಗೀಬೇಕು?"

"ಮ್ಯಾನೇಜರು."

"ತಪ್ಪು! ಬೀಗ ಹಾಕಿದವರೇ ತೆಗೀಬೇಕು. ಮ್ಯಾನೇಜರು ಬಂದು ಗೋಗರೆದ್ರೂ ಕೀಲಿ ಕೊಡಬಾರದು."

"ಅವರು ಅಳ್ತಾರಾ?"

"ಕೂಗಾಡ್ತಾರೆ. ಕೊಡಬಾರದು."

"ಇನ್ನೊಂದು ಕೀಲಿ ಇದ್ರೆ?"

ನೋಡಿ, ಎಂಥ ಪ್ರಶ್ನೆ! ನಮ್ಮಲ್ಲಿ ಹತ್ತು ವರ್ಷ ಸರ್ವೀಸಾದವರೂ ಇದನ್ನು ಕೇಳಿದವರಲ್ಲ. ನಾನು ಹೆಮ್ಮೆಯಿಂದ ಎದ್ದು ಎರಡನೆಯ ಕೀಲಿಯನ್ನು ಅತ್ತೆಯ ಕಣ್ಣೆದುರೇ ಇಕ್ಕಳದಲ್ಲಿ ಹಿಡಿದು ಎರಡು ತುಂಡು ಮಾಡಿದೆ. ಉಳಿದ ಒಂದೇ ಒಂದು ಕೀಲಿಯನ್ನು ದಾರಕ್ಕೆ ಪೋಣಿಸಿ ಬಟಾಣಿಯ ಕೊರಳಿಗೆ ಹಾಕಿದೆ. "ಯಾವಾಗ ಬೀಗ ಹಾಕ್ಬೇಕು, ಹೇಳು?" ಎಂದೆ.

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. "ನಾನು ಕೆಲಸ ಮಾಡೋವಾಗ ಯಾವ್ದು ತಾನಾಗೇ ಶುರು ಆಗುತ್ತೋ ಅದಕ್ಕೆ."

"ಶಹಬ್ಬಾಸ್!" ಎಂದು ಎತ್ತಿ ಕುಣಿಸಿದೆ. ಎಂಥ ಮೂರ್ಖ ನಾನು.

ಬೀಗ ಕೆಲಸ ಮಾಡಿತು. ಬಟಾಣಿ ರಾತ್ರಿ ಬಟ್ಟೆಯ ಕಪಾಟಿಗೆ ಬೀಗ ಹಾಕಿ ಮಲಗುವಳು, ಬೆಳಗ್ಗೆ ತಾನೇ ತೆಗೆದು ತಾನೇ ಅಂಗಿ ಆರಿಸಿ ತಾನೇ ತೊಡುವಳು. ಅತ್ತೆ ಕಪಾಟಿನ ಮುಂದೆ ಬಂದು, ಚೀಟಿಯ ಮೇಲಿನ ನಾಲಗೆ ಚಾಚಿದ ಮೊಮ್ಮಗಳನ್ನು ನೋಡಿ, ನಿಟ್ಟುಸಿರುಬಿಟ್ಟು ಹಿಂದಿರುಗುವರು. ಮೂರನೆಯ ವಾರಕ್ಕೆ ಅಂಗಿಯ ಹೊತ್ತು ಆರು ನಿಮಿಷಕ್ಕೆ ಇಳಿಯಿತು. ನಾನು ಮೀಸೆಯ ಮೇಲೆ ಕೈ ಹಾಕಿಕೊಂಡು ಓಡಾಡತೊಡಗಿದೆ.

ಒಂದು ದಿನ ಆ ಬೀಗ ಹೆಂಡತಿಯ ಕೈಚೀಲದ ಜಿಪ್ಪಿಗೆ ಬಿತ್ತು. ಬಾಚಣಿಗೆ ಆ ಚೀಲದಲ್ಲಿರುತ್ತದೆ. ಬಟಾಣಿ ಬ್ರೆಡ್ಡು ತಿನ್ನುತ್ತಿರುವಾಗ ಬಾಚಣಿಗೆ ತಾನಾಗಿಯೇ ಅವಳ ತಲೆಯಲ್ಲಿ ಶುರುವಾಗುತ್ತಿತ್ತು. ಹೆಂಡತಿ ನೋಡದೆ ಚೀಲ ಹೆಗಲಿಗೇರಿಸಿಕೊಂಡು ಕಚೇರಿಗೆ ಹೋದಳು. ಊಟದ ಡಬ್ಬಿ, ಕನ್ನಡಕ, ಫೋನು ಎಲ್ಲ ಒಳಗೆ. ಜಿಪ್ಪು ಕಿತ್ತು ತೆಗೆಯಬಹುದಿತ್ತು, ಅವಳು ಕೀಳಲಿಲ್ಲ. "ನಿಯಮ ಅಂದ್ರೆ ನಿಯಮ" ಎಂದು ದಿನವಿಡೀ ಕಣ್ಣು ಕಿರಿದು ಮಾಡಿಕೊಂಡು ಮುದ್ರೆ ಒತ್ತಿ ಸಂಜೆ ಹಸಿದು ಮನೆಗೆ ಬಂದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೋಫಾದ ಮೇಲಿಂದ ಕೆಳಗೆ ಬಿದ್ದು ನಕ್ಕೆ. ಅವಳು ಸುಮ್ಮನೆ ನನ್ನನ್ನು ನೋಡಿದಳು. ಹೆಂಡತಿ ಸುಮ್ಮನೆ ನೋಡಿದಾಗ ಹೆದರಬೇಕೆಂದು ಹದಿಮೂರು ವರ್ಷದ ಸಂಸಾರವೂ ನನಗೆ ಕಲಿಸಿಲ್ಲ.

ಇಲ್ಲಿ ನಿಮ್ಮ ಹತ್ತಿರ ಮಾತ್ರ ಒಂದು ಮಾತು ಹೇಳಬೇಕು. ಬೇರೆ ಯಾರಿಗೂ ಹೇಳಬೇಡಿ.

ನಮ್ಮ ಕಾರ್ಖಾನೆಯ ಬಸ್ಸು ಏಳೂ ನಲವತ್ತಕ್ಕೆ ಬೀದಿಯ ತಿರುವಿಗೆ ಬಂದು ಹಾರ್ನ್ ಹೊಡೆಯುತ್ತದೆ. ಆ ಹೊತ್ತಿಗೆ ಬಟಾಣಿ ಬೂಟಿನ ಪಟ್ಟಿಯನ್ನು ಬಕಲಿಗೆ ತೂರಿಸಲು ನೋಡುತ್ತಿರುತ್ತಾಳೆ. ತೂರಿಸುತ್ತಾಳೆ, ಜಾರುತ್ತದೆ. ತೂರಿಸುತ್ತಾಳೆ, ಜಾರುತ್ತದೆ. ನಾಲಗೆಯ ತುದಿ ಹೊರಗೆ ಬಂದಿರುತ್ತದೆ. ಹಾರ್ನು ಮತ್ತೆ ಹೊಡೆಯುತ್ತದೆ. ನನ್ನ ಬೆರಳುಗಳಿಗೆ ತಡೆದುಕೊಳ್ಳಲಾಗುವುದಿಲ್ಲ ಸ್ವಾಮಿ! ಬಗ್ಗಿ, ಚಕ್ ಎಂದು ಪಟ್ಟಿ ಎಳೆದು ಮೂರನೆಯ ತೂತಿಗೆ ಹಾಕಿ, ಏಳನೆಯ ಚೀಟಿಯನ್ನು ಹಸಿರಿಗೆ ತಿರುಗಿಸಿ ಓಡುತ್ತಿದ್ದೆ. "ಅಪ್ಪಾ, ನಾನೇ!" ಎಂದು ಅವಳು ಹಿಂದಿನಿಂದ ಕಿರುಚುವಳು. "ಆಯ್ತು ಆಯ್ತು, ನೀನೇ ಹಾಕಿದ್ದು" ಎಂದು ಮೆಟ್ಟಿಲಿಳಿಯುತ್ತ ಹೇಳುವೆ. ಇದನ್ನು ಮೋಸ ಎನ್ನಬೇಡಿ. ನಮ್ಮಲ್ಲಿ ಇದಕ್ಕೆ 'ಅಂತಿಮ ಹೊಂದಾಣಿಕೆ' ಎನ್ನುತ್ತೇವೆ.

ಹೀಗೆ ಇಪ್ಪತ್ತೊಂಬತ್ತು ದಿನ ಇಪ್ಪತ್ತೊಂಬತ್ತು ಅಂತಿಮ ಹೊಂದಾಣಿಕೆಗಳಾದವು. "ಬೂಟು ಅವಳೇ ಹಾಕ್ಕೋತಾಳಾ?" ಎಂದು ಹೆಂಡತಿ ಕೇಳಿದರೆ, "ಮತ್ತೆ? ಹಲಗೆ ನೋಡು, ಹಸಿರು ಹಸಿರು!" ಎನ್ನುತ್ತಿದ್ದೆ. ಆದರೆ ಮೂವತ್ತನೆಯ ದಿನದ ಹಿಂದಿನ ಸಂಜೆ ಕೂತು ಲೆಕ್ಕ ಹಾಕಿದೆ. ಬೂಟಿನ ಪಟ್ಟಿಯನ್ನು ಬಟಾಣಿ ಒಂದೇ ಒಂದು ದಿನವೂ ಪೂರ್ತಿಯಾಗಿ ಹಾಕಿರಲಿಲ್ಲ. ಪಾಪುಗಳ ಮಧ್ಯೆ ಒಬ್ಬಳೇ ಕೂತ ಮಗಳು ಕಣ್ಣೆದುರು ಬಂದಳು. ಕೊನೆಗೆ ಒಂದು ಉಪಾಯ ಮಾಡಿದೆ. ಟೀಚರು ಬಂದಾಗ ಪಕ್ಕದಲ್ಲೇ ನಿಂತಿರುವುದು. ಬೂಟಿನ ಹೊತ್ತಿಗೆ "ಅಗೋ ನೋಡಿ ಟೀಚರ್, ನಾನು ಬರೆದ ಚಿತ್ರ" ಎಂದು ಹಲಗೆಯ ಕಡೆ ತಿರುಗಿಸುವುದು. ನನಗೆ ಎರಡು ಸೆಕೆಂಡು ಸಾಕು.

ಆ ಬೆಳಗ್ಗೆ ಆರೂ ಮುಕ್ಕಾಲಿಗೆ ಬಚ್ಚಲುಮನೆ ಹೊಕ್ಕೆ. ಟೀಚರ ಎದುರು ಠೀವಿಯಾಗಿ ಕಾಣಬೇಕೆಂದು ಇಸ್ತ್ರಿ ಮಾಡಿದ ಶರ್ಟನ್ನು ಮಂಚದ ಮೇಲೆ ಹಾಸಿಟ್ಟಿದ್ದೆ. ತಲೆಗೆ ನಮ್ಮ ಕಾರ್ಖಾನೆಯ ಸಾಬೂನು ಹಚ್ಚಿ, ನೊರೆ ಕಣ್ಣಿಗಿಳಿಯುವ ಹೊತ್ತಿಗೆ, ಬಾಗಿಲ ಆಚೆ 'ಕ್ಳಿಕ್' ಎಂದಿತು.

ಇಪ್ಪತ್ತೆರಡು ವರ್ಷದಿಂದ ಕೇಳುತ್ತಿರುವ ಸದ್ದು. ನಿದ್ದೆಯಲ್ಲೂ ಗುರುತಿಸಬಲ್ಲೆ. ನೊರೆಯಲ್ಲೇ ಗರ ಬಡಿದವನಂತೆ ನಿಂತೆ.

"ಬಟಾಣಿ?"

"ಹಾಂ ಅಪ್ಪ."

"ಏನದು ಸದ್ದು?"

"ಬೀಗ."

"ಯಾವುದಕ್ಕೆ ಹಾಕ್ದೆ?"

"ನಿಂಗೆ."

ಬಾಗಿಲು ತಳ್ಳಿದೆ. ಅಲ್ಲಾಡಲಿಲ್ಲ. (ಸ್ಕ್ರೂ ಬಿಗಿದವನು ಯಾರು?) "ಪುಟ್ಟಾ, ಚಿನ್ನಾ, ತೆಗಿಯಮ್ಮ. ಅಪ್ಪ ಆಚೆ ಬರ್ಬೇಕು."

"ಕೆಲಸ ಮುಗಿದ ಮೇಲೆ."

"ಈಗ್ಲೇ ತೆಗಿ!" ಎಂದು ಗುಡುಗಿದೆ.

"ಕೂಗಾಡ್ತಾರೆ, ಕೊಡಬಾರದು" ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಪುಟ್ಟ ಹೆಜ್ಜೆಗಳು ದೂರ ಹೋದವು. ಅಷ್ಟರಲ್ಲಿ ಹೊರಬಾಗಿಲ ಗಂಟೆ ಬಾರಿಸಿತು. "ಬನ್ನಿ ಟೀಚರ್, ಬನ್ನಿ" ಎಂಬ ಹೆಂಡತಿಯ ದನಿ ಕೇಳಿಸಿತು. ಇನ್ನು ನಾನು ಕೂಗುವಂತೆಯೂ ಇರಲಿಲ್ಲ.

ಐದು ನಿಮಿಷ ಬಾಗಿಲನ್ನು ಉಗುರಿನಿಂದ ಕೆರೆದ ಮೇಲೆ ಹೆಂಡತಿ ಬಂದಳು. ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದೆ. "ಅವಳ ಕೊರಳಿಂದ ಕೀಲಿ ತಗೊಂಡು ಬಾ, ಬೇಗ."

"ಬೀಗ ಹಾಕಿದವರೇ ತೆಗೀಬೇಕು ರೀ."

"ತಮಾಷೆ ಮಾಡೋ ಹೊತ್ತಾ ಇದು?"

"ಅವತ್ತು ನಾನು ಹಸ್ಕೊಂಡು ಕೌಂಟರಲ್ಲಿ ಕೂತಿದ್ದು ತಮಾಷೆ ಆಗಿತ್ತಲ್ಲ ನಿಮಗೆ? ಸೋಫಾದಿಂದ ಬಿದ್ರಲ್ಲ?"

"ಅದು ಬೇರೆ ಕಣೇ! ನೋಡು, ಬೂಟು... ಬೂಟಿನ ಪಟ್ಟಿ ಅವಳಿಗೆ ಬರಲ್ಲ. ದಿನಾ ನಾನೇ ಹಾಕ್ತಿದ್ದೆ. ನಾನಿಲ್ದಿದ್ರೆ ಮಗು ಫೇಲಾಗುತ್ತೆ!"

ಬಾಗಿಲಾಚೆಯಿಂದ ಅವಳ ದನಿ ಬಂತು, ಕೌಂಟರು ಮುಚ್ಚುವ ಹೊತ್ತಿನ ದನಿ. "ಅಂದ್ರೆ ಇಪ್ಪತ್ತೊಂಬತ್ತು ದಿನ ಸುಳ್ಳು ಹಸಿರು." ಅಷ್ಟೇ ಹೇಳಿ ಹೊರಟುಹೋದಳು.

ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಟವೆಲ್ಲು ಸುತ್ತಿಕೊಂಡು ಕೂತೆ. ನಾನು ಮಾಡಬಹುದಾದದ್ದು ಕೇಳಿಸಿಕೊಳ್ಳುವುದೊಂದೇ. ಶೌಚಾಲಯದ ಬಾಗಿಲು ತೆರೆದು ಮುಚ್ಚಿತು. ಹಲಗೆಯಲ್ಲಿ 'ಟಪ್' ಎಂದಿತು, ಚೀಟಿ ತಿರುಗಿತು. ಸ್ಟೂಲು ಎಳೆದ ಸದ್ದು, ನೀರು, ಬಾಯಿ ಮುಕ್ಕಳಿಸಿದ ಸದ್ದು. ಟಪ್. ಮತ್ತೆ ನೀರು. ಟಪ್. ಅಂಗಿಗೆ ಐದೇ ನಿಮಿಷ. ಟಪ್. ಅತ್ತೆ ಒಮ್ಮೆ "ಇನ್ನೊಂದು ಬ್ರೆಡ್ಡು..." ಎಂದು ಬಾಯಿ ಹಾಕಿದರು, "ಅಮ್ಮಾ!" ಎಂದು ಹೆಂಡತಿ ತಡೆದಳು. ಟಪ್. ಚೀಲ. ಟಪ್. ನನ್ನ ಕಣ್ಣಲ್ಲಿ ನೀರು ಬಂತು. (ಸಾಬೂನಿನ ನೊರೆಯೂ ಇತ್ತು, ಎರಡೂ ಸೇರಿ ಬಂತು.) ಆರು ಕೆಲಸ, ಯಾರ ಕೈಯೂ ತಾಗದೆ!

ಆಮೇಲೆ ಬೂಟು.

ಸದ್ದಿಲ್ಲ. ಒಂದು ನಿಮಿಷ. ಎರಡು. ನಾಲ್ಕು. ಪಟ್ಟಿ ಬಕಲಿನಲ್ಲಿ ಜಾರುತ್ತಿರುವುದು ಬಾಗಿಲಾಚೆಯಿಂದಲೂ ನನಗೆ ಕಾಣುತ್ತಿತ್ತು. ನನ್ನ ಹತ್ತೂ ಬೆರಳು ಗಾಳಿಯಲ್ಲಿ ಪಟ್ಟಿ ಎಳೆಯುತ್ತಿದ್ದವು. ಆರು ನಿಮಿಷ. "ಉಂಹೂಂ" ಎಂದು ಅವಳು ಅಳುವ ಹಾಗೆ ಎಂದದ್ದು ಕೇಳಿಸಿತು. ಮಾನ ಮರ್ಯಾದೆ ಎಲ್ಲ ಮರೆತುಹೋಯಿತು.

"ಮೂರನೇ ತೂತು!" ಎಂದು ಅರಚಿದೆ. "ಬಟಾಣೀ, ಎಳೆದು ಹಿಡ್ಕೊಂಡು ಮೂರನೇ ತೂತಿಗೆ ಹಾಕು!"

"ಯಾರದು?" ಎಂದರು ಟೀಚರು, ಗಾಬರಿಯಾಗಿ.

"ಅಪ್ಪ. ಬೀಗ ಹಾಕಿದ್ದೀನಿ" ಎಂದಳು ಬಟಾಣಿ.

"ಯಾಕಮ್ಮಾ?"

"ನಾನು ಕೆಲಸ ಮಾಡೋವಾಗ ಅಪ್ಪ ತಾನಾಗೇ ಶುರು ಆಗ್ಬಿಡ್ತಾನೆ."

ನಾನೂರು ವೋಲ್ಟು ಏನೂ ಅಲ್ಲ, ಸ್ವಾಮಿ. ಆ ಮಾತು ತಲೆಯಿಂದ ಒಳಗೆ ಬಂದು ಎರಡೂ ಕಾಲಿನಿಂದ ಆಚೆ ಹೋಯಿತು. ಆ ಯಂತ್ರ ಅತ್ತೆಯಲ್ಲ, ಬಾಚಣಿಗೆಯಲ್ಲ. ಸ್ವಿಚ್ಚಿಲ್ಲದೆ ಶುರುವಾಗುವ, ಎಲ್ಲಕ್ಕಿಂತ ಅಪಾಯದ ಯಂತ್ರ ನಾನೇ. ಪಡಸಾಲೆಯಲ್ಲಿ ಅತ್ತೆ ನಗಲು ಶುರು ಮಾಡಿದ್ದು ಕೇಳಿಸಿತು. ಮಾವ ಹೋದ ಮೇಲೆ ಅವರು ಅಷ್ಟು ಜೋರಾಗಿ ನಕ್ಕದ್ದು ನಾನು ಕೇಳಿರಲಿಲ್ಲ.

ಒಂಬತ್ತನೆಯ ನಿಮಿಷಕ್ಕೆ ಹಲಗೆಯಲ್ಲಿ ಏಳನೆಯ ಸಲ 'ಟಪ್' ಎಂದಿತು.

"ನಾನೇ!" ಎಂದು ಬಟಾಣಿ ಕಿರುಚಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಚ್ಚಲುಮನೆಯೊಳಗೆ ನಾನೂ ತಟ್ಟಿದೆ. ಆಮೇಲೆ ಹೊರಬಾಗಿಲು ತೆರೆಯಿತು. "ಬಾ ಪುಟ್ಟಿ, ಜೊತೇಲೇ ಹೋಗೋಣ" ಎಂದರು ಟೀಚರು. ಆಗ ನೆನಪಾಯಿತು ನೋಡಿ.

"ಕೀಲಿ! ಬಟಾಣಿ, ಕೀಲಿ!"

"ಇನ್ನೂ ಶಾಲೆ ಕೆಲಸ ಇದೆ ಅಪ್ಪ" ಎಂದು ಬೀದಿಯಿಂದ ಉತ್ತರ ಬಂತು. ಇರುವ ಒಂದೇ ಕೀಲಿ ಅವಳ ಕೊರಳಲ್ಲಿ ನೇತಾಡುತ್ತ ಶಾಲೆಗೆ ಹೋಯಿತು.

ಹೆಂಡತಿ ದೊಡ್ಡ ಮನಸ್ಸು ಮಾಡಿ ನಮ್ಮ ಕಾರ್ಖಾನೆಗೆ ಫೋನು ಮಾಡಿ, ತನ್ನ ಕೌಂಟರಿಗೆ ಹೋದಳು. ಉಳಿದವರು ಅತ್ತೆ. ಅವರ ಜೀವ ಸುಮ್ಮನಿರಬೇಕಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಒಂದೊಂದೇ ಬಿಸ್ಕತ್ತು ತಳ್ಳತೊಡಗಿದರು. "ಕೈ ತೊಳ್ಕೊಂಡ್ರಾ ಅಳಿಯಂದ್ರೇ?" ಎಂದು ಬೇರೆ ಕೇಳಿದರು.

ಒಂಬತ್ತೂವರೆಗೆ ನಮ್ಮ ಹಿರಿಯ ಫಿಟ್ಟರು ಬಂದ. ನಾವೆಲ್ಲ ಅವನನ್ನು 'ಕಾಯಿದೆ' ಎಂದೇ ಕರೆಯುವುದು. ನನ್ನ ಹನ್ನೆರಡು ಪುಟದ ನಿಯಮಾವಳಿಯನ್ನು ಕಂಠಪಾಠ ಮಾಡಿದವನು ಭೂಮಿಯ ಮೇಲೆ ಅವನೊಬ್ಬನೇ. ಅವನ ಕೈಯಲ್ಲಿ ಬೀಗ ಕತ್ತರಿಸುವ ದೊಡ್ಡ ಕಟ್ಟರು ಇದೆ ಎಂದು ಅತ್ತೆ ವರದಿ ಮಾಡಿದರು. ನನಗೆ ಹೋದ ಜೀವ ಬಂತು.

"ಕತ್ತರಿಸಪ್ಪ" ಎಂದೆ.

"ಫಾರಂ ತಂದಿದ್ದೀನಿ ಸಾರ್. ಬೀಗದ ಮಾಲೀಕರ ಒಪ್ಪಿಗೆ?"

"ಮಾಲೀಕರಿಗೆ ನಾಲ್ಕೂವರೆ ವರ್ಷ ಕಣಯ್ಯ!"

"ಎಂಟನೇ ಪುಟ ಸಾರ್. 'ಬೀಗ ಹಾಕಿದವರು ಸ್ಥಳದಲ್ಲಿ ಇಲ್ಲದಿದ್ದಲ್ಲಿ ಅವರನ್ನು ಫೋನಿನಲ್ಲಿ ಸಂಪರ್ಕಿಸಿ ಒಪ್ಪಿಗೆ ಪಡೆಯತಕ್ಕದ್ದು. ವಯಸ್ಸು, ಹುದ್ದೆ ಯಾವುದನ್ನೂ ಪರಿಗಣಿಸತಕ್ಕದ್ದಲ್ಲ.' ನೀವೇ ಬರೆದಿದ್ದು ಸಾರ್. ಹೋದ ವರ್ಷ ಇದೇ ಸಾಲು ಮುರಿದ ಅಂತ ಒಬ್ಬನ್ನ ಮೂರು ದಿನ ಮನೆಗೆ ಕಳಿಸಿದ್ರಿ."

ಶಾಲೆಗೆ ಫೋನು ಹೋಯಿತು. ನನಗೂ ಕೇಳಲೆಂದು ಕಾಯಿದೆ ಫೋನನ್ನು ಬಾಗಿಲ ಸಂದಿಗೆ ಹಿಡಿದ. "ಮೇಡಂ, ನಿಮ್ಮ ಬೀಗ ಕತ್ತರಿಸಬಹುದಾ?" ಎಂದು ವಿನಯದಿಂದ ಕೇಳಿದ.

"ಬೇಡ ಅಂಕಲ್" ಎಂದಳು ಮೇಡಂ. "ಕತ್ತರಿಸಿದ್ರೆ ನಾಳೆಗೆ ಏನು ಹಾಕ್ಲಿ?"

"ಒಪ್ಪಿಗೆ ಇಲ್ಲ ಸಾರ್" ಎಂದು ಕಾಯಿದೆ ಫಾರಮ್ಮಿನಲ್ಲಿ ಬರೆದುಕೊಂಡ. ಅತ್ತೆ ಕೊಟ್ಟ ಟೀ ಕುಡಿದ. ಹೋಗುವಾಗ ಬೀಗವನ್ನು ಒಮ್ಮೆ ಜಗ್ಗಿ ನೋಡಿ, "ಒಳ್ಳೆ ಬೀಗ ಸಾರ್" ಎಂದು ಹೊಗಳಿ ಹೋದ.

ಹನ್ನೆರಡೂವರೆಗೆ ಬೀಗ ತೆರೆಯಿತು. ಬಟಾಣಿ ಚೀಟಿ ತೆಗೆದು, ಬೀಗ ತೆಗೆದು, "ಕೆಲಸ ಮುಗೀತು ಅಪ್ಪ, ಈಗ ಶುರು ಆಗು" ಎಂದಳು. ಹೆಚ್ಚುಕಡಿಮೆ ಆರು ಗಂಟೆಗಳ ಕಾಲ ಟವೆಲ್ಲಿನಲ್ಲಿದ್ದವನು ಬಗ್ಗಿ ಅವಳನ್ನು ಎತ್ತಿಕೊಂಡು ಕೆನ್ನೆಗೆ ಮುತ್ತಿಟ್ಟೆ. ಬೈಯಬೇಕೆಂದು ಬೆಳಗ್ಗಿನಿಂದ ಕೂಡಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕೆಳಗಿಳಿಸಿ, ಪಾಪ ಮಗು ದಣಿದಿದೆ ಎಂದು ಬೂಟಿನ ಪಟ್ಟಿಗೆ ಕೈ ಹಾಕಿದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬೀಗವನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಪಟ್ಟಿ ಬಿಚ್ಚಲು ಅವಳಿಗೆ ಏಳು ನಿಮಿಷ ಹಿಡಿಯಿತು. ನಾನು ನಿಂತೇ ಇದ್ದೆ.

ಚೀಲದಿಂದ ಟೀಚರ ಹಾಳೆ ತೆಗೆದು ಕೊಟ್ಟಳು. ಹದಿನಾಲ್ಕು ಸಾಲಿಗೂ ಹೌದು, ಹೌದು, ಹೌದು. 'ಮಗು ಮೇಲಿನ ತರಗತಿಗೆ ಸಿದ್ಧ' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಇನ್ನೊಂದು ಸಾಲು: 'ತಂದೆಗೆ ಇನ್ನೂ ಅಭ್ಯಾಸ ಬೇಕು.'

ಸಂಜೆ ಹೆಂಡತಿ ಬರುವಾಗ ಒಂದು ಕೊಕ್ಕೆ ಕೊಂಡು ತಂದಳು. ಬಟಾಣಿಯೇ ಚಿತ್ರ ಬರೆದಳು: ಒಬ್ಬ ಮೀಸೆಯವನು ಕುರ್ಚಿಯ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಾನೆ. (ನನ್ನ ಬೂಟಿಗಿಂತ ಚೆನ್ನಾಗಿದೆ, ಒಪ್ಪಿಕೊಳ್ಳುತ್ತೇನೆ.) ಎಂಟನೆಯ ಚೀಟಿ ನನ್ನದು. ಅದನ್ನು ತಿರುಗಿಸುವ ಅಧಿಕಾರ ಬಟಾಣಿಗೆ ಮಾತ್ರ. ದಿನಾ ಬೆಳಗ್ಗೆ ಬೂಟು ಹಾಕಿಕೊಂಡು ಎದ್ದು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಬೆರಳು ಅಲ್ಲಾಡ್ತು" ಎಂದು ಹೇಳಿ ಹೋಗುತ್ತಾಳೆ. ಇವತ್ತಿಗೆ ಇಪ್ಪತ್ತು ದಿನವಾಯಿತು. ಬಟಾಣಿಯ ಏಳೂ ಚೀಟಿ ಹಸಿರು. ನನ್ನದು ಇನ್ನೂ ಕೆಂಪಾಗಿಯೇ ಇದೆ.